ಹನ್ನೊಂದು ಮನೆಗಳ ನೀಲಿ ಗೀಟು

ತೊಲೆ ಮೇಸ್ತ್ರಿಗೆ ಹೆತ್ತವರು ಇಟ್ಟ ಹೆಸರೊಂದಿತ್ತು. ನಗರಸಭೆಯ ಪಟ್ಟಿಯಲ್ಲಿ ಬಿಟ್ಟರೆ ಅದು ಬೇರೆಲ್ಲೂ ಬಳಕೆಯಾಗುತ್ತಿರಲಿಲ್ಲ. ಹಳೇ ಪೇಟೆಯ ಎಂಟು ಬೀದಿಗಳಿಗೂ ಅವನು ತೊಲೆ ಮೇಸ್ತ್ರಿಯೇ. ಇಪ್ಪತ್ತಾರು ವರ್ಷದಿಂದ ಅವನ ಕೆಲಸ ಒಂದೇ: ಹಳೆಯ ಮನೆಗಳ ಒಳಗೆ ಏಣಿ ಹಾಕಿ ಹತ್ತುವುದು, ಮಾಡಿನ ಭಾರ ಹೊತ್ತ ತೊಲೆಗಳನ್ನು ಮರದ ಕೊಡತಿಯಿಂದ ತಟ್ಟುವುದು, ಕಿವಿಗೊಟ್ಟು ಕೇಳುವುದು. ಗಟ್ಟಿ ಮರ ಠಣ್ ಎನ್ನುತ್ತದೆ, ಗೆದ್ದಲು ತಿಂದು ಟೊಳ್ಳಾದ ಮರ ದೊಬ್ ಎನ್ನುತ್ತದೆ. ಹೇಳುವುದಕ್ಕೆ ಇಷ್ಟೇ. ಆದರೆ ಆ ಎರಡರ ನಡುವಿನ ಇಪ್ಪತ್ತು ಮೂವತ್ತು ಬಗೆಯ ಸದ್ದನ್ನು ಬೇರ್ಪಡಿಸಿ ತಿಳಿಯುವ ಕಿವಿ ಊರಿಗೆಲ್ಲ ತನ್ನದೊಂದೇ ಎಂದು ಮೇಸ್ತ್ರಿಗೆ ಸ್ವಲ್ಪ ಜಾಸ್ತಿಯೇ ಜಂಬವಿತ್ತು.

ಆ ಕಿವಿಗೆ ಅಷ್ಟು ಬೆಲೆ ಬರಲು ಕಾರಣ ನಗರಸಭೆ. ನೂರು ವರ್ಷ ದಾಟಿದ ಮನೆಗಳನ್ನು ಯಾರೂ ಕೆಡವಬಾರದು ಎಂದು ಅದು ನಿಯಮ ಮಾಡಿತ್ತು. ಬರೀ ಕೆಡವಬೇಡಿ ಎಂದರೆ ಯಾರು ಕೇಳುತ್ತಾರೆ? ಹಾಗಾಗಿ ಹೆಂಚು, ಸುಣ್ಣ, ಮರ, ಕೆಲಸದವರು ಎಲ್ಲ ನಮ್ಮ ಕಡೆಯಿಂದಲೇ, ನೀವು ಆ ಮನೆಯಲ್ಲಿ ವಾಸವಾಗಿದ್ದರೆ ಸಾಕು ಎಂದೂ ಸೇರಿಸಿತು. ಹೊಸ ಹೆಂಚು ಹೊದಿಸುವ ಮುಂಚೆ ತೊಲೆಗಳ ಪರೀಕ್ಷೆ ಆಗಬೇಕು. ಹಳೆಯ ಮರವನ್ನು ಕೊರೆದು ನೋಡುವಂತಿಲ್ಲ, ಮೊಳೆ ಹೊಡೆಯುವಂತಿಲ್ಲ, ತಟ್ಟಿ ಕೇಳಬೇಕು. ಗಟ್ಟಿಯಿದ್ದರೆ ಮೇಸ್ತ್ರಿ ಸೀಮೆಸುಣ್ಣದಲ್ಲಿ ನೀಲಿ ಗೀಟು ಎಳೆಯುತ್ತಿದ್ದ, ಕೆಟ್ಟಿದ್ದರೆ ಕೆಂಪು ಗೀಟು. ಕೆಂಪು ಬಿದ್ದ ತೊಲೆಗೆ ನಗರಸಭೆಯವರೇ ಊರುಗಂಬ ಕೊಟ್ಟು ಬೇರೆ ಮರ ಜೋಡಿಸುತ್ತಿದ್ದರು. ನೀಲಿ ಬಿದ್ದದ್ದನ್ನು ಮತ್ತೆ ಯಾರೂ ತಲೆಯೆತ್ತಿ ನೋಡುತ್ತಿರಲಿಲ್ಲ.

ಈ ವಿದ್ಯೆಯನ್ನು ಅವನು ಕಲಿತದ್ದು ತನ್ನ ಮಾವನ ಹತ್ತಿರ. ಆಗಿನ್ನೂ ಮಾವನಾಗಿರಲಿಲ್ಲ, ಬರೀ ಮೇಸ್ತ್ರಿಯಾಗಿದ್ದ, ಅದೂ ಮೂಗಿನ ತುದಿಯಲ್ಲೇ ಕೋಪವಿದ್ದ ಮೇಸ್ತ್ರಿ. ಹಿತ್ತಲಲ್ಲಿ ಎರಡು ದಿಮ್ಮಿ ಇಟ್ಟಿದ್ದ, ಒಂದು ಗಟ್ಟಿ, ಒಂದು ಟೊಳ್ಳು. ಹೊರಗಿನಿಂದ ನೋಡಲು ಎರಡೂ ಒಂದೇ. ಶಿಷ್ಯನ ಕಣ್ಣಿಗೆ ಬಟ್ಟೆ ಕಟ್ಟಿ, ಎಲ್ಲೆಲ್ಲೋ ತಟ್ಟಿ, ಯಾವುದು ಹೇಳು ಎನ್ನುತ್ತಿದ್ದ. ಶಿಷ್ಯ ಮೀನಮೇಷ ಎಣಿಸುವಷ್ಟರಲ್ಲಿ ಅಡುಗೆಮನೆಯ ಕಿಟಕಿಯಿಂದ ಮಗಳು ಕೂಗಿ ಉತ್ತರ ಹೇಳಿಬಿಡುತ್ತಿದ್ದಳು. "ನಿನ್ನನ್ಯಾರು ಕೇಳಿದ್ರು? ಒಲೆ ನೋಡು ಹೋಗು" ಎಂದು ಅಪ್ಪ ಗದರುತ್ತಿದ್ದ. ಅವಳು ಹೇಳಿದ್ದು ಒಂದು ಸಲವೂ ತಪ್ಪಾಗಿರಲಿಲ್ಲ. ಮುಂದೆ ಅವಳೇ ತೊಲೆ ಮೇಸ್ತ್ರಿಯ ಹೆಂಡತಿಯಾದಳು. ಆ ಎರಡು ದಿಮ್ಮಿಗಳೂ ಅವಳ ಜೊತೆ ಈ ಮನೆಯ ಹಿತ್ತಲಿಗೆ ಬಂದವು.

ನಾಲ್ಕು ತಿಂಗಳ ಹಿಂದೆ ಮೇಸ್ತ್ರಿಗೆ ಬಿಡದ ನೆಗಡಿಯಾಯಿತು. ನೆಗಡಿ ಹೋಯಿತು, ಕಿವಿಯೊಳಗಿನ ಗುಂಯ್‌ಗುಡುವಿಕೆ ಉಳಿಯಿತು. ಡಾಕ್ಟರಿಗೆ ತೋರಿಸಿ ಎಂದು ಹೆಂಡತಿ ಹೇಳಿದಾಗಲೆಲ್ಲ, "ನಾಳೆ ಹೋಗ್ತೀನಿ ಕಣೇ" ಎನ್ನುತ್ತಿದ್ದ. ಡಾಕ್ಟರ ಹತ್ತಿರ ಹೋಗಲು ಅವನಿಗೆ ಭಯ. ಏನೆನ್ನುತ್ತಾರೋ ಎಂಬ ಭಯ. ಕಿವಿಯಿಲ್ಲದ ತೊಲೆ ಮೇಸ್ತ್ರಿಯನ್ನು ನಗರಸಭೆ ಪಟ್ಟಿಯಲ್ಲಿ ಇಟ್ಟುಕೊಂಡು ಏನು ಮಾಡೀತು?

ಒಂದು ಬೆಳಿಗ್ಗೆ ಅವನು ಹೊಸಲಿನ ಮೇಲೆ ಕೂತು ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದ. ಅಡುಗೆಮನೆಯಲ್ಲಿ ಹೆಂಡತಿಯ ಕೈಯಿಂದ ಸ್ಟೀಲ್ ತಟ್ಟೆ ಜಾರಿತು. ಅಂಚಿನ ಮೇಲೆ ಬಿದ್ದು, ಗಿರ್ರನೆ ಐದಾರು ಸುತ್ತು ಸುತ್ತಿ, ಓಲಾಡಿ, ನೆಲಕ್ಕೆ ಅಂಟಿ ನಿಂತಿತು. ಅವನು ಎಲ್ಲವನ್ನೂ ನೋಡಿದ. ಸದ್ದೇ ಇರಲಿಲ್ಲ.

ಸ್ಟೀಲ್ ತಟ್ಟೆ ಬಿದ್ದರೆ ಪಕ್ಕದ ಮನೆಯವರೂ ಬೆಚ್ಚಿಬೀಳುತ್ತಾರೆ. ಒಂದು ಕಾಲಿಗೆ ಚಪ್ಪಲಿ, ಇನ್ನೊಂದು ಬರಿಗಾಲು, ಹಾಗೇ ಎದ್ದು ಹಿತ್ತಲಿಗೆ ಹೋದ. ಚೀಲದಿಂದ ಕೊಡತಿ ತೆಗೆದು ಗಟ್ಟಿ ದಿಮ್ಮಿಯನ್ನು ತಟ್ಟಿದ. ಎಲ್ಲೋ ದೂರದಲ್ಲಿ ಡಪ್ ಎಂದಂತಾಯಿತು. ಟೊಳ್ಳು ದಿಮ್ಮಿಯನ್ನು ತಟ್ಟಿದ. ಅದೇ ಡಪ್. ಮತ್ತೆ ಇದು, ಮತ್ತೆ ಅದು. ಎರಡಕ್ಕೂ ಒಂದೇ ದನಿ.

ಒಂದೇ ದನಿ ಎಂದುಕೊಂಡದ್ದೇ ತಡ, ಟೈಲರಮ್ಮನ ಮನೆ ನೆನಪಾಗಿ ಅವನ ಜೀವ ಬಾಯಿಗೆ ಬಂತು. ಮೂರು ವಾರದ ಹಿಂದೆ ಅಲ್ಲಿ ಏಳು ತೊಲೆ ತಟ್ಟಿದ್ದ. ಏಳೂ ಒಂದೇ ದನಿ ಕೊಟ್ಟಿದ್ದವು. ಏಣಿಯ ಮೇಲೆ ನಿಂತೇ ದೊಡ್ಡ ಭಾಷಣ ಬಿಗಿದಿದ್ದ: "ನೋಡಿ ಅಮ್ಮಾ, ಏಳು ತೊಲೇನೂ ಒಂದೇ ಮರದಿಂದ ತೆಗೆದಿದ್ದಾರೆ. ಹಳೇ ಕಾಲದವರ ಕೆಲಸ ಅಂದ್ರೆ ಹಿಂಗಿರುತ್ತೆ!" ಕಟ್ಟಿದವರನ್ನು ಹೊಗಳುವ ಭರದಲ್ಲಿ, ಯಾವ ಮನೆಯಲ್ಲೂ ಏಳು ತೊಲೆ ಒಂದೇ ದನಿ ಕೊಡುವುದಿಲ್ಲ ಎಂಬ ತನ್ನ ಇಪ್ಪತ್ತಾರು ವರ್ಷದ ಅನುಭವವನ್ನೇ ಮರೆತಿದ್ದ. ನಡುವಿನ ತೊಲೆಯಲ್ಲಿ, ಗೋಡೆಯ ಪಕ್ಕದಲ್ಲೇ, ಹಳೆಯ ಕಬ್ಬಿಣದ ಬಳೆಯೊಂದಿತ್ತು. ಮಗಳು ಕೂಸನ್ನು ಕರೆದುಕೊಂಡು ಬರುತ್ತಾಳೆ, ಇದಕ್ಕೆ ತೊಟ್ಟಿಲು ಕಟ್ಟಬಹುದಾ ಎಂದು ಟೈಲರಮ್ಮ ಕೇಳಿದ್ದಳು. "ತೊಟ್ಟಿಲೇನು, ಆನೇನೇ ಕಟ್ಟಿ!" ಎಂದಿದ್ದ ಈ ಮಹಾನುಭಾವ.

ಅವಳ ಮನೆಗೆ ಹೆಂಚು ಹೊದಿಸುವ ಕೆಲಸ ಶುರುವಾಗುವುದು ಅಂದೇ.

ಕೊಡತಿ ಚೀಲಕ್ಕೆ ತುರುಕಿ ಹೊರಟವನ ತೋಳನ್ನು ಹೆಂಡತಿ ಹಿಡಿದುಕೊಂಡಳು. ಇನ್ನೂ ಅಷ್ಟಿಷ್ಟು ಕೇಳುತ್ತಿದ್ದ ಬಲಗಿವಿಯ ಹತ್ತಿರ ಬಾಯಿಟ್ಟು, "ನಾನೂ ಬರ್ತೀನಿ" ಎಂದಳು.

"ನೀನ್ಯಾಕೆ?"

"ಹಿಂದಿನಿಂದ ಗಾಡಿ ಬಂದ್ರೆ ನಿಮಗೆ ಗೊತ್ತಾಗಲ್ಲ ರೀ. ಒಂದು ತಿಂಗಳಿಂದ ನೋಡ್ತಿದೀನಿ."

ಅವನಿಗೆ ಸಿಟ್ಟು ಬಂತು, ಹಿಂದೆಯೇ ಅಳು ಬಂತು. ಎರಡನ್ನೂ ನುಂಗಿಕೊಂಡು ನಡೆದ. ದಿನಾ ಓಡಾಡುವ ಬೀದಿಯೇ ಅಂದು ಹೆದರಿಸಿತು. ಸೈಕಲ್ಲುಗಳು ಇದ್ದಕ್ಕಿದ್ದಂತೆ ಮೊಣಕೈ ಪಕ್ಕದಲ್ಲಿ ಪ್ರತ್ಯಕ್ಷವಾಗುತ್ತಿದ್ದವು. ಒಂದು ಲಾರಿ ಬೆನ್ನಿಗೇ ಬಂದು ನಿಂತದ್ದು ಹೆಂಡತಿ ಗೋಡೆಯ ಕಡೆಗೆ ಎಳೆದಾಗಲೇ ಅವನಿಗೆ ತಿಳಿದದ್ದು. ಡ್ರೈವರ್ ಕಿಟಕಿಯಿಂದ ತಲೆ ಹಾಕಿ ಬಾಯಿ ಆಡಿಸುತ್ತಿದ್ದ. ಏನು ಬೈದನೋ ದೇವರಿಗೇ ಗೊತ್ತು.

ಟೈಲರಮ್ಮನ ಮನೆಯ ಮಾಡಿನ ಮೇಲೆ ಎಂಟು ಜನ ಹೆಂಚಿನವರು ಹತ್ತಿಯಾಗಿತ್ತು. ಹೊಸ ಹೆಂಚನ್ನು ಅಲ್ಲಲ್ಲಿ ರಾಶಿ ಹಾಕಿದ್ದರು. ಒಳಗೆ ಟೈಲರಮ್ಮ ಕಿಟಕಿಯ ಪಕ್ಕ ಮೆಶಿನ್ ತುಳಿಯುತ್ತಿದ್ದಳು. ನಡುಮನೆಯಲ್ಲಿ, ನೀಲಿ ಗೀಟಿನ ತೊಲೆಯ ಕೆಳಗೆ, ತೊಟ್ಟಿಲು ಮೆಲ್ಲಗೆ ತೂಗುತ್ತಿತ್ತು. ಅದರ ಅಂಚಿನಿಂದ ಒಂದು ಪುಟ್ಟ ಕಾಲು ಹೊರಬಂದು ಗಾಳಿ ಒದೆಯುತ್ತಿತ್ತು.

ಮಗುವನ್ನು ತೆಗೆಯಿರಿ ಎನ್ನಲು ಅವನು ಬಾಯಿ ತೆರೆದ. ಆದರೆ ಆಡಲಿಲ್ಲ. ಆ ಒಂದು ಮಾತು ಆಡಿದರೆ ಮುಗಿಯಿತು, ಯಾಕೆ ಎಂದು ಕೇಳುತ್ತಾರೆ. ಯಾಕೆ ಎಂದು ಹೇಳಿದರೆ ತೊಲೆ ಮೇಸ್ತ್ರಿ ಎಂಬವನು ಇರುವುದಿಲ್ಲ. ಒಂದು ವೇಳೆ ತೊಲೆ ಗಟ್ಟಿಯೇ ಇದ್ದರೆ? ಸುಮ್ಮನೆ ಮರ್ಯಾದೆ ಕಳೆದುಕೊಂಡ ಹಾಗಲ್ಲವೇ?

"ಏನಿಲ್ಲ ಅಮ್ಮಾ, ಇನ್ನೊಂದು ಸಲ ನೋಡೋಣ ಅಂತ ಬಂದೆ. ಸ್ವಲ್ಪ ಮೆಶಿನ್ ನಿಲ್ಸಿ" ಎಂದ.

"ನೋಡಿ ಮೇಸ್ತ್ರಿ, ಅದಕ್ಕೇನು? ಅಕ್ಕನೂ ಬಂದಿದಾರಲ್ಲ, ಕೂತ್ಕೊಳ್ಳಿ ಅಕ್ಕಾ" ಎಂದು ಅವಳು ನಕ್ಕಳು. ಅವಳ ಮಗಳು ನೀರು ತರಲು ಒಳಗೆ ಹೋದಳು. ಒಂದು ಗಳಿಗೆ ಸದ್ದು ಮಾಡಬೇಡಿ ಎಂದು ಮೇಸ್ತ್ರಿ ಅಂಗಳದಿಂದ ಹೆಂಚಿನವರಿಗೆ ಕೂಗಿ ಹೇಳಿದ. ಅವರು ಇಳಿಯುವ ಗೋಜಿಗೆ ಹೋಗದೆ ಮಾಡಿನ ಮೇಲೇ ಕೂತು ಬೀಡಿ ಹಚ್ಚಿದರು.

ಹೆಂಡತಿ ಕೂರಲಿಲ್ಲ. ಬಾಗಿಲ ಚೌಕಟ್ಟಿಗೆ ಒರಗಿ, ಸೆರಗನ್ನು ಕಿವಿಯಿಂದ ಹಿಂದೆ ಸರಿಸಿಕೊಂಡು ನಿಂತಳು. ಹೀಗೆ ಮಾಡೋಣ ಎಂದು ಇಬ್ಬರೂ ಮೊದಲೇ ಮಾತಾಡಿಕೊಂಡಿರಲಿಲ್ಲ. ಅವನು ಏಣಿ ಹತ್ತಿ ಮೊದಲ ತೊಲೆ ತಟ್ಟಿ ಅವಳ ಮುಖ ನೋಡಿದ. ಅವಳು ತಲೆಯಾಡಿಸಿದಳು, ಗಟ್ಟಿ. ಎರಡನೆಯದಕ್ಕೂ ತಲೆಯಾಡಿಸಿದಳು. ಮೂರನೆಯದಕ್ಕೂ ಹಾಗೇ. ಅವನಿಗೆ ಉಸಿರು ಬಂದಂತಾಯಿತು. ಏಣಿಯನ್ನು ನಡುವಿನ ತೊಲೆಗೆ ಸರಿಸಿ ಹತ್ತಿದ. ಕೆಳಗೆ ತೊಟ್ಟಿಲಲ್ಲಿ ಮಗು ಕಣ್ಣು ಬಿಟ್ಟು ಅವನನ್ನೇ ನೋಡುತ್ತಿತ್ತು. ತಟ್ಟಿದ.

ಹೆಂಡತಿಯ ಮುಖದ ಕಳೆಯೇ ಹೋಯಿತು. ಅವಳ ಬಾಯಿ ಅಗಲವಾಗಿ ತೆರೆದುಕೊಂಡಿತು. ಅವನಿಗೆ ಏನೂ ಕೇಳಿಸಲಿಲ್ಲ. ಇನ್ನೊಮ್ಮೆ ತಟ್ಟು ಎನ್ನುತ್ತಿದ್ದಾಳೆ ಎಂದುಕೊಂಡು ಮತ್ತೆ ಕೊಡತಿ ಎತ್ತಿ, ಈ ಸಲ ಬಲವಾಗಿಯೇ ತಟ್ಟಿದ. ಅಷ್ಟರಲ್ಲಿ ಅವಳು ಓಡಿ ಬಂದಿದ್ದಳು. ಐವತ್ತು ದಾಟಿದ ಹೆಂಗಸು, ಮಂಡಿನೋವೆಂದು ಮೆಟ್ಟಿಲು ಹತ್ತಲು ಗೊಣಗುವವಳು, ಹಾರಿ ಬಂದು ತೊಟ್ಟಿಲಿನಿಂದ ಮಗುವನ್ನು ಬಾಚಿಕೊಂಡು ಅಂಗಳಕ್ಕೆ ಓಡಿದಳು. ಟೈಲರಮ್ಮ ಹೌಹಾರಿ ಅವಳ ಹಿಂದೆ ಓಡಿದಳು. ಹೆಂಚಿನವರು ದಬದಬ ಇಳಿಯತೊಡಗಿದರು. ಎಲ್ಲರ ಬಾಯಿಗಳೂ ಆಡುತ್ತಿದ್ದವು. ಏಣಿಯ ಮೇಲೆ ಮೇಸ್ತ್ರಿ ಒಬ್ಬನೇ ಯಾವ ಸದ್ದೂ ಕೇಳಿಸದೆ ನಿಂತಿದ್ದ. ತೊಲೆ ಗೋಡೆ ಸೇರುವ ಜಾಗದಿಂದ ಸಣ್ಣಗೆ ಏನೋ ಉದುರುತ್ತಿತ್ತು.

ಅವನು ಏಣಿ ಇಳಿದು ಅಂಗಳಕ್ಕೆ ಬಂದ. ಹೆಂಡತಿ ಬಲಗಿವಿಗೆ ಬಾಯಿಟ್ಟು, "ಹಿತ್ತಲಿನ ಟೊಳ್ಳು ದಿಮ್ಮಿ ಇದೆಯಲ್ಲ, ಅದಕ್ಕಿಂತ ಕೆಟ್ಟದಾಗಿತ್ತು ರೀ. ಮಗು ತೆಗೀರಿ ಅಂತ ಎಷ್ಟು ಕೂಗಿದೆ!" ಎಂದಳು.

ಸುದ್ದಿ ಹೋದ ಅರ್ಧ ಗಂಟೆಯಲ್ಲಿ ನಗರಸಭೆಯ ಹಳೆ ಮನೆಗಳ ವಿಭಾಗದ ಮೇಡಂ ಕೆಲಸದವರೊಂದಿಗೆ ಬಂದಳು. ಊರುಗಂಬಗಳನ್ನು ಕೊಟ್ಟು ಮಾಡನ್ನು ಭದ್ರ ಮಾಡಿದ ಮೇಲೆ ಗೋಡೆಯೊಳಗೆ ಕೂತಿದ್ದ ತೊಲೆಯ ತುದಿಯ ಗಾರೆ ಕೀಳಿಸಿದಳು. ಮರದ ತುದಿ ಇರಬೇಕಾದ ಜಾಗದಿಂದ ಕೆಂಪು ಪುಡಿ ಸುರಿಯತೊಡಗಿತು. ಸುರಿದೇ ಸುರಿಯಿತು. ಬೊಗಸೆಗಟ್ಟಲೆ ಬಂದು ಖಾಲಿ ತೊಟ್ಟಿಲ ಹಾಸಿಗೆಯನ್ನು ಮುಚ್ಚಿತು. ಟೈಲರಮ್ಮನ ಮಗಳು ಕೂಸನ್ನು ಎದೆಗವಚಿಕೊಂಡು ಆ ತೊಟ್ಟಿಲನ್ನೇ ನೋಡುತ್ತ ನಿಂತಳು. ಯಾರೂ ಮೇಸ್ತ್ರಿಯ ಮುಖ ನೋಡಲಿಲ್ಲ.

ಅವನೇ ಮೇಡಂ ಎದುರು ಹೋಗಿ ನಿಂತ. ಹೆದರಿಕೆಯಲ್ಲಿ ದನಿ ಜೋರಾಯಿತೋ ಸಣ್ಣದಾಯಿತೋ ಅವನಿಗೇ ತಿಳಿಯಲಿಲ್ಲ.

"ನನಗೆ ಕಿವಿ ಹೋಗಿದೆ ಮೇಡಂ. ನಾಲ್ಕು ತಿಂಗಳಾಯ್ತು. ಇವತ್ತು ಬೆಳಿಗ್ಗೆವರೆಗೂ ನನಗೇ ಒಪ್ಪಿಕೊಳ್ಳೋಕೆ ಆಗ್ಲಿಲ್ಲ. ಈ ನಾಲ್ಕು ತಿಂಗಳಲ್ಲಿ ಹನ್ನೊಂದು ಮನೆಗೆ ನೀಲಿ ಗೀಟು ಎಳೆದಿದೀನಿ. ಇದು ಒಂದು, ಇನ್ನೂ ಹತ್ತು ಮನೆ ಇವೆ."

ಮೇಡಂ ಮುಖ ಬಿಳಿಚಿಕೊಂಡಿತು. ಆ ಹತ್ತರಲ್ಲಿ ಆರಕ್ಕೆ ಆಗಲೇ ಹೆಂಚು ಹೊದಿಸಿಯಾಗಿತ್ತು. ಬಾಡಿಗೆಯವರು, ಮಕ್ಕಳು, ಎಲ್ಲ ಒಳಗೇ ಇದ್ದರು. ಅವಳು ತುಂಬ ಹೊತ್ತು ಏನೇನೋ ಹೇಳಿದಳು. ಬೈಗುಳವೇ ಇರಬೇಕು, ಕೈ ಅಲುಗಾಡುತ್ತಿದ್ದ ರೀತಿ ನೋಡಿದರೆ ಅದರಲ್ಲಿ ಸಂಶಯವಿರಲಿಲ್ಲ. ಅವನು ತಲೆ ತಗ್ಗಿಸಿ ನಿಂತ. ಅವಳು ನಿಲ್ಲಿಸಿದಳೆಂದು ಅವಳ ಕೈ ನೋಡಿ ತಿಳಿದುಕೊಂಡು ಮತ್ತೆ ಬಾಯಿ ತೆರೆದ.

"ಇನ್ನೊಂದಿದೆ ಮೇಡಂ. ಬೆಳಿಗ್ಗೆನೇ ನನಗೆ ಗೊತ್ತಿತ್ತು. ಇಲ್ಲಿಗೆ ಬಂದಾಗ ಮಗು ತೊಟ್ಟಿಲಲ್ಲೇ ಇತ್ತು. ಮೊದಲು ಮಗೂನ ತೆಗೀಬೇಕಿತ್ತು. ನಾನು ಕೊಡತಿ ತೆಗೆದೆ."

ಅದನ್ನು ಯಾರೂ ಅವನಲ್ಲಿ ಕೇಳಿರಲಿಲ್ಲ. ಟೈಲರಮ್ಮ ಅವನನ್ನು ಒಮ್ಮೆ ನೋಡಿದಳು. ಆ ನೋಟ ಅವನಿಗೆ ಚೆನ್ನಾಗಿಯೇ ಅರ್ಥವಾಯಿತು. ಅದಕ್ಕೆ ಕಿವಿ ಬೇಕಾಗಿರಲಿಲ್ಲ.

ಮೇಡಂ ಅವನ ಹೆಂಡತಿಯ ಕಡೆ ತಿರುಗಿ ಏನೋ ಕೇಳಿದಳು. ಹೆಂಡತಿ ಸೆರಗಿನ ತುದಿ ತಿರುಚುತ್ತ ಉತ್ತರ ಕೊಟ್ಟಳು. ಆಮೇಲೆ ಗಂಡನ ಕಿವಿಗೆ ಬಂದು ಹೇಳಿದಳು: "ನಿಮ್ಮನ್ನ ಪಟ್ಟಿಯಿಂದ ತೆಗೀತಾರಂತೆ. ಆದರೆ ಹತ್ತು ಮನೇನೂ ಇವತ್ತೇ ನೋಡ್ಬೇಕು, ಬೇರೆ ಊರಿನಿಂದ ಮೇಸ್ತ್ರಿ ಬರೋಕೆ ಮೂರು ದಿನ ಆಗುತ್ತೆ. ತೊಲೆ ಸದ್ದು ನಿಮಗೆ ಗೊತ್ತಾಗುತ್ತಾ ಅಂತ ನನ್ನ ಕೇಳಿದ್ರು. ನಮ್ಮಪ್ಪ ಕೇಳಿದಾಗೆಲ್ಲ ಗೊತ್ತಾಗ್ತಿತ್ತು ಅಂದೆ." ಹಿಂದೆಯೇ ಸೇರಿಸಿದಳು: "ನನಗೂ ಭಯ ಕಣ್ರೀ. ನಿಮ್ಮ ಕಿವಿ ವಿಷಯ ಗೊತ್ತಿದ್ದೂ ತೊಲೆಗಳ ವಿಷಯ ನಾನೂ ಬಾಯಿ ಬಿಡಲಿಲ್ಲ."

ಎರಡನೆಯ ಮನೆ ಮೂರು ಬೀದಿ ಆಚೆ, ಒಬ್ಬ ಗಡಿಯಾರ ರಿಪೇರಿಯವನದು. ಹೊಸ ಹೆಂಚು ಬಿಸಿಲಿಗೆ ಹೊಳೆಯುತ್ತಿತ್ತು. ಮುಂದೆ ಮೇಡಂ, ಹಿಂದೆ ಊರುಗಂಬ ಹೊತ್ತ ಆಳುಗಳು, ನಡುವೆ ಗಂಡನ ತೋಳು ಹಿಡಿದ ಹೆಂಡತಿ. ಗಡಿಯಾರದವನು ಕನ್ನಡಕ ಹಣೆಗೇರಿಸಿಕೊಂಡು ಬಾಗಿಲಿಗೆ ಬಂದ. ಅವನ ಬೆನ್ನ ಹಿಂದೆ, ನಡುಮನೆಯಲ್ಲಿ, ನಾಲ್ಕೈದು ಜನ ಊಟಕ್ಕೆ ಕೂತಿದ್ದರು. ಅವರ ತಲೆಯ ಮೇಲೆ ತನ್ನದೇ ಕೈಯ ನೀಲಿ ಗೀಟು ಮೇಸ್ತ್ರಿಗೆ ಬಾಗಿಲಿನಿಂದಲೇ ಕಂಡಿತು. ಎದೆ ಹೊಡೆದುಕೊಳ್ಳುವುದು ಅವನಿಗೆ ಕೇಳಿಸುತ್ತಿತ್ತು. ಈಗ ಅದೊಂದೇ ಸದ್ದು ಅವನಿಗೆ ಸರಿಯಾಗಿ ಕೇಳಿಸುತ್ತಿದ್ದದ್ದು.

"ಏನು ಮೇಸ್ತ್ರಿ, ಮತ್ತೆ ಬಂದ್ರಿ?" ಎಂದು ಗಡಿಯಾರದವನು ಕೇಳಿರಬೇಕು.

"ಊಟ ಬಿಟ್ಟು ಎಲ್ಲರೂ ಮೊದಲು ಹೊರಗೆ ಬನ್ನಿ" ಎಂದ ಮೇಸ್ತ್ರಿ. "ನನ್ನಿಂದ ತಪ್ಪಾಗಿದೆ. ಏನು ಅಂತ ಆಮೇಲೆ ಹೇಳ್ತೀನಿ. ಮೊದಲು ಬನ್ನಿ."

ಕೊನೆಯವರು ಹೊಸಲು ದಾಟಿ ಬೀದಿಗೆ ಬರುವವರೆಗೂ ಅವನು ಕೊಡತಿಯ ಚೀಲಕ್ಕೆ ಕೈ ಹಾಕಲಿಲ್ಲ.