ಬೆನಿಗ್ನಾ ತೋಡಿದ ಗುಳಿಗಳು

ನಮ್ಮ ಲಾಂಜಾರೋತೆ ದ್ವೀಪದಲ್ಲಿ ದ್ರಾಕ್ಷಿ ನೆಡಬೇಕಾದರೆ ಮೊದಲು ಜ್ವಾಲಾಮುಖಿಯ ಕರಿಬೂದಿಯನ್ನು ತೋಡಬೇಕು. ಆಳೆತ್ತರ ಇಳಿದ ಮೇಲೆ ಹಳೇ ಮಣ್ಣು ಸಿಕ್ಕುತ್ತದೆ. ಗುಳಿಗೊಂದೇ ಬಳ್ಳಿ. ಮಳೆಯನ್ನು ಯಾರೂ ನೆಚ್ಚುವುದಿಲ್ಲ. ಆ ಬೂದಿಯೇ ಇಬ್ಬನಿ ಕುಡಿದು ಬೇರಿಗೆ ಉಣಿಸುತ್ತದೆ. ಗಾಳಿ ಬೀಸುವ ಕಡೆಗೆ ಮಾತ್ರ ಕಲ್ಲಿನ ಗೋಡೆ ಬೇಕೇಬೇಕು, ಇಲ್ಲದಿದ್ದರೆ ಹೂವಿನಲ್ಲೇ ಎಲ್ಲ ಸುಟ್ಟುಹೋಗುತ್ತದೆ.

ಬೆನಿಗ್ನಾ ಇದನ್ನೆಲ್ಲ ಒಬ್ಬಳೇ ಮಾಡಿದಳು. ಅವಳಪ್ಪ ಸಿಪ್ರಿಯಾನೊ, ದೊನ್ ತದೇಯೊನ ಜಮೀನನ್ನು ಪಾಲಿಗೆ ಮಾಡುತ್ತಿದ್ದವನು. ದಣಿಯ ಮಗ ಲಿಯಾಂಡ್ರೊ ಅವಳನ್ನು ಮೆಚ್ಚಿಕೊಂಡಾಗ ದಣಿ ಬೈಯಲಿಲ್ಲ, ನಕ್ಕ.

"ನಮ್ಮನೆಗೆ ಬರೋಳು ಏನಾದ್ರೂ ತರಬೇಕಲ್ಲಮ್ಮ? ಆ ಬರಡು ಇಳಿಜಾರಲ್ಲಿ ಗುಳಿ ತೋಡು. ಬಳ್ಳಿ ಹಣ್ಣು ಬಿಟ್ಟ ವರ್ಷ ಮದುವೆ."

ತೋಡಿದಳು. ಇವತ್ತು ಎತ್ತಿಹಾಕಿದ ಬೂದಿ ನಾಳೆ ಅರ್ಧ ಜಾರಿ ಗುಳಿಗೇ ಬೀಳುತ್ತಿತ್ತು. ಉಗುರು ಕಿತ್ತುಬಂದವು, ಕೆಮ್ಮಿದರೆ ಕಫ ಕರ್ರಗೆ ಬೀಳುತ್ತಿತ್ತು. ಭಾನುವಾರ ಲಿಯಾಂಡ್ರೊ ಒಂಟೆಯಿಂದಿಳಿದು, ಅವಳೇ ಕಟ್ಟಿದ ಗೋಡೆಯ ಮೇಲೆ ಕೂತು ಅಂಜೂರ ತಿನ್ನುತ್ತಿದ್ದ. "ಇನ್ನೇನು, ಸ್ವಲ್ಪ ಉಳಿದಿದೆ ಕಣೇ."

"ಮದುವೆ ಬಟ್ಟೇನೂ ಕರೀದೇ ಹೊಲಿಸ್ತೀಯೇನೇ?" ಎಂದು ಊರ ಹೆಂಗಸರು ಚುಚ್ಚುತ್ತಿದ್ದರು. ಅವಳು ನಗುತ್ತಿದ್ದಳು, ಪಾಪ.

ವರ್ಷಗಳು ಕಳೆದು ಬಳ್ಳಿ ಹಣ್ಣು ಬಿಟ್ಟಿತು. ಅದೇ ಸುಗ್ಗಿಯಲ್ಲಿ ಲಿಯಾಂಡ್ರೊಗೆ ಬಂದರಿನ ವ್ಯಾಪಾರಿಯ ಮಗಳೊಡನೆ ಮದುವೆ ಗೊತ್ತಾಯಿತು. ನಾವೆಲ್ಲ ತೊಟ್ಟಿಯಲ್ಲಿ ದ್ರಾಕ್ಷಿ ತುಳಿಯುತ್ತಿದ್ದಾಗ ಬೆನಿಗ್ನಾ ಬಂದು ದಣಿಯೆದುರು ನಿಂತಳು.

"ದಣಿ, ಹಣ್ಣು ಬಿಟ್ಟಿದೆ."

"ನೋಡ್ದೆ, ಒಳ್ಳೇ ಹಣ್ಣು. ಮದುವೆಗೆ ಇದರದ್ದೇ ವೈನು."

"ಮದುವೆ ಮಾಡ್ತೀನಿ ಅಂದಿದ್ರಿ."

"ಮಾಡ್ತಿದೀನಲ್ಲ! ನಿಂದೇ ಅಂತ ಹೇಳಿದ್ನಾ?"

ತೊಟ್ಟಿಯಲ್ಲಿದ್ದವರು ಗೊಳ್ಳೆಂದರು. ಲಿಯಾಂಡ್ರೊ ತಲೆಯೆತ್ತಲಿಲ್ಲ.

ವಸಂತದಲ್ಲಿ ಬಳ್ಳಿಗಳು ಹೂಬಿಟ್ಟು ಗಾಳಿ ಜೋರಾದಾಗ, ಅವಳು ಹಾಡುಹಗಲೇ ಇಳಿಜಾರಿಗೆ ಹೋಗಿ ತಾನು ಕಟ್ಟಿದ ಗೋಡೆಗಳನ್ನು ಒಂದೊಂದಾಗಿ ಕೆಡವಿದಳು. ಯಾರೂ ತಡೆಯಲಿಲ್ಲ. ವಾರದೊಳಗೆ ಹೂವೆಲ್ಲ ಸುಟ್ಟ ಕೂದಲಿನ ಹಾಗೆ ಮುದುಡಿಹೋಯಿತು.

ದೊನ್ ತದೇಯೊ ಪೊಲೀಸರನ್ನು ಕರೆಯಲಿಲ್ಲ, ಸಿಪ್ರಿಯಾನೊನನ್ನು ಕರೆದ. "ಮಗಳು ಕೆಡವಿದ್ದನ್ನ ನೀನು ಕಟ್ಟು. ಆಗಲ್ವಾ, ಮನೆ ಖಾಲಿ ಮಾಡು."

ಮುದುಕನಿಗೆ ಅಂಡವಾಯು. ಹೊಟ್ಟೆಗೆ ಬಟ್ಟೆ ಬಿಗಿದುಕೊಂಡು ಕಲ್ಲು ಹೊರತೊಡಗಿದ. ಬೆನಿಗ್ನಾ ಓಡಿಬಂದಳು. "ಬಿಡಪ್ಪ, ನಾನು ಕಟ್ತೀನಿ."

"ಮುಟ್ಟಬೇಡ. ನಿನ್ನ ಕೈಚಳಕ ಊರೇ ನೋಡಿದೆ."

ಅವನು ಅವಳಿಗೆ ಆಡಿದ ಕೊನೆಯ ಮಾತು ಅದು. ಅವಳು ದೂರದಲ್ಲಿ ಕೂತು ನೋಡುತ್ತಿದ್ದಳು. ಒಂದು ಮಧ್ಯಾಹ್ನ ಕಲ್ಲಿನ ಸಮೇತ ಗುಳಿಗೆ ಉರುಳಿದವನು ಮತ್ತೆ ಏಳಲಿಲ್ಲ. ಹೆಣವನ್ನು ದಣಿಯ ಒಂಟೆಯ ಮೇಲೆಯೇ ತಂದೆವು.

ಅವಳ ತಾಯಿ ಇನ್ನೂ ದಣಿ ಕೊಟ್ಟಿದ್ದ ಅದೇ ಮನೆಯಲ್ಲಿದ್ದಳು. ಹಾಗಾಗಿ ಉಳಿದ ಗೋಡೆಗಳನ್ನು ಬೆನಿಗ್ನಾ ಕಟ್ಟಿದಳು. ಲಿಯಾಂಡ್ರೊನ ಹೆಂಡತಿ ಒಮ್ಮೆ ಕೊಡೆ ಹಿಡಿದು ನೋಡಲು ಬಂದಳು. ಹಿಂದೆ ನಡೆದದ್ದೇನೂ ಅವಳಿಗೆ ಗೊತ್ತಿರಲಿಲ್ಲ.

"ಇದು ಸ್ವಲ್ಪ ಸೊಟ್ಟಗಿಲ್ವಾ?" ಎಂದಳು.

ಬೆನಿಗ್ನಾ ಬಗ್ಗಿ, ಮೇಲಿನ ಸಾಲು ಕಿತ್ತು, ಮತ್ತೆ ಜೋಡಿಸಿದಳು.