ಐದನೇ ಪುಟಕ್ಕೆ ಹೋದ ಸುದ್ದಿ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಮದುವೆ ಮುಂಜಿಗಳಿಗೆ ಅಡುಗೆ ಮಾಡಿಕೊಂಡು ಬದುಕಿದವನು ನಾನು. ಇನ್ನೊಬ್ಬರ ಮದುವೆಗಳಲ್ಲಿ ಹೊಗೆ ಕುಡಿಯುತ್ತಲೇ ವಯಸ್ಸಾಗಿ ನನ್ನ ಮದುವೆ ಉಳಿದೇ ಹೋಯಿತು. ಅದಕ್ಕೇನೂ ಬೇಸರವಿರಲಿಲ್ಲ. ಸದಾ ನೂರಾರು ಜನರ ಗದ್ದಲದಲ್ಲಿ ಇರುವವನಿಗೆ ಒಂಟಿತನದ ಪರಿಚಯವಾದರೂ ಎಲ್ಲಿಂದ ಆಗಬೇಕು?

ತೊಂಬತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ, ಬನವಾಸಿ ರಸ್ತೆಯ ಕಡೆ ನಾನು ಅಡುಗೆ ಮಾಡಿದ ಮದುವೆಯಲ್ಲಿ ಉಂಡ ಕೆಲವರು ವಾಂತಿಭೇದಿಯಾಗಿ ಆಸ್ಪತ್ರೆ ಸೇರಿದರು. ಪುಣ್ಯಕ್ಕೆ ಎಲ್ಲರೂ ಹುಷಾರಾದರು. ಕುಡಿಯಲು ಕೊಟ್ಟ ಬಾವಿಯ ನೀರು ಕೆಟ್ಟಿತ್ತು, ಅಡುಗೆಯಲ್ಲಿ ದೋಷವಿಲ್ಲ ಎಂದು ಆರೋಗ್ಯ ಇಲಾಖೆಯವರೇ ಹೇಳಿದರು. ಪೊಲೀಸರು ಮನೆಯವರನ್ನು ಕೇಳಿದಂತೆ ನನ್ನನ್ನೂ ಒಂದೆರಡು ಮಾತು ಕೇಳಿ ಕಳಿಸಿದರು. ಮರುದಿನದ ಪೇಪರಿನ ಮೊದಲ ಪುಟದಲ್ಲಿ ದಪ್ಪಕ್ಷರ: ‘ಮದುವೆ ಊಟ ಉಂಡು ಆಸ್ಪತ್ರೆಗೆ: ಅಡುಗೆಯವನ ವಿಚಾರಣೆ’. ಬಾವಿಯ ಸಂಗತಿ ಐದನೇ ಪುಟದಲ್ಲಿ, ಟಯರಿನ ಜಾಹೀರಾತಿನ ಪಕ್ಕ.

ನಾನು ಚಹಾ ಕುಡಿಯುವ ಹೋಟೆಲಿನಲ್ಲಿ ಪೇಪರು ಇಡಿಯಾಗಿ ಯಾರ ಕೈಗೂ ಸಿಗುವುದಿಲ್ಲ. ಬಂದವರು ಒಂದೊಂದು ಹಾಳೆ ಹಂಚಿಕೊಳ್ಳುತ್ತಾರೆ. ಅವತ್ತು ಮೊದಲ ಹಾಳೆ ಬೆಂಚಿನಿಂದ ಬೆಂಚಿಗೆ ಹೋಯಿತು. ಐದನೇ ಪುಟ ಸಿಕ್ಕವರು ಅಡಿಕೆ ಧಾರಣೆಯ ಮೇಲೆ ಕಣ್ಣಾಡಿಸಿ ಎದ್ದುಹೋದರು. ‘ಇದನ್ನೂ ಓದ್ರೋ’ ಎಂದು ಕೂಗಬೇಕೆನಿಸಿತು, ಚಹಾದ ದುಡ್ಡಿಟ್ಟು ಎದ್ದೆ.

ಸಿಟ್ಟು ನೆತ್ತಿಗೇರಿ ಶಿರಸಿಯ ವಕೀಲರೊಬ್ಬರ ಹತ್ತಿರ ಹೋದೆ. ಮಾನನಷ್ಟದ ಕೇಸು ಹಾಕಿ ಎಂದೆ. ಅವರು ಎರಡೂ ಪುಟ ಓದಿದರು. ಎರಡನ್ನೂ ಓದಿದವರನ್ನು ನಾನು ನೋಡಿದ್ದು ಅದೇ ಮೊದಲು.

“ನೋಡಿ ಭಟ್ರೆ, ವಿಚಾರಣೆ ಮಾಡಿದ್ದು ಹೌದಲ್ಲ?”

“ಹೌದು.”

“ಬಾವಿ ಸುದ್ದೀನೂ ಬರ್ದಿದಾರಲ್ಲ? ತಲೆಬರಹ ಒಂದನ್ನೇ ಹಿಡ್ಕೊಂಡ್ರೆ ಕೇಸು ನಿಲ್ಲೂದು ಕಷ್ಟ. ಕೋರ್ಟು ಇಡೀ ಸುದ್ದಿ ಓದ್ತದೆ.”

“ಊರು ಓದೂದಿಲ್ವಲ್ಲ!”

“ಅದಕ್ಕೆ ಕಾನೂನಿಲ್ಲ” ಎಂದು ಅವರು ಚಹಾ ತರಿಸಿದರು. ಒಳ್ಳೆಯ ಮನುಷ್ಯ, ಫೀಸು ಮುಟ್ಟಲಿಲ್ಲ. ಅದೂ ನನಗೆ ಸಿಟ್ಟೇ ತರಿಸಿತು.

ಮುಂದಿನ ಲಗ್ನದ ದಿನಗಳಲ್ಲಿ ಅಡುಗೆಗೆ ಹೇಳಿದ್ದವರು ಒಬ್ಬೊಬ್ಬರಾಗಿ ಬಂದರು. ಪೇಪರಿನ ಮಾತು ಯಾರೂ ಎತ್ತಲಿಲ್ಲ. “ಈ ಸಲ ಸಣ್ಣಕೆ, ಮನೆಮಟ್ಟಿಗೆ ಮುಗ್ಸದು” ಎಂದು ನೆಲ ನೋಡುತ್ತಾ ಹೇಳಿ ಹೋದರು. ಆಮೇಲೆ ಅದೇ ಮನೆಗಳ ಮುಂದೆ ಊರಗಲದ ಚಪ್ಪರ ಕಂಡೆ. ನಮ್ಮ ಕಡೆಯವರ ಮರ್ಯಾದೆಯೇ ಹಾಗೆ, ಮುಖಕ್ಕೆ ಹೊಡೆದಂತೆ ಏನನ್ನೂ ಹೇಳುವುದಿಲ್ಲ. ನೀನೇ ತಪ್ಪು ಮಾಡಿದೆ ಎಂದು ಒಬ್ಬನಾದರೂ ಅಂದಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ಬಾಡಿಗೆ ಕೋಣೆಯಲ್ಲಿ ನನ್ನೊಬ್ಬನಿಗೇ ಸಾರು ಮಾಡಲು ಕೈಯ ಅಳತೆ ಸಿಗುತ್ತಿರಲಿಲ್ಲ. ಮಾಡಿದ್ದು ಮರುದಿನಕ್ಕೂ ಉಳಿಯುತ್ತಿತ್ತು. ಉಣ್ಣಲು ಕರೆಯೋಣವೆಂದರೆ ಯಾರನ್ನು? ಬಹಳ ಒಂಟಿಯಾದೆ.

ಒಂದೆರಡು ವರ್ಷ ಕಳೆದ ಮೇಲೆ ಸಿದ್ದಾಪುರದ ತಂಗಿಯ ಮಗಳಿಗೆ ಮದುವೆ ನಿಶ್ಚಯವಾಯಿತು. ಆ ಹುಡುಗಿಯ ನಾಮಕರಣದ ಹೋಳಿಗೆ ಬೇಯಿಸಿದವನು ನಾನು. ಈ ಅಡುಗೆಯೂ ನನ್ನದೇ ಎಂದು ಹಿಂದಿನ ದಿನವೇ ಹೋದರೆ ಒಲೆಯ ಮುಂದೆ ಯಲ್ಲಾಪುರದ ಅಡುಗೆಭಟ್ಟರು ಕೂತಿದ್ದರು.

ತಂಗಿ ನನ್ನನ್ನು ಜಗಲಿಯ ಮೂಲೆಗೆ ಕರೆದಳು. “ಅಣ್ಣಾ, ಎಂಗೆ ನಿನ್ನ ಮೇಲೆ ಸಂಶಯ ಇಲ್ಲೆ. ಗಂಡಿನ ಬದಿಯವ್ಕೆ ಎಂತ ಹೇಳದು? ಈ ಸಲ ಪಂಕ್ತಿಲಿ ಕುತ್ಗಂಡು ಆರಾಮ ಉಣ್ಣು.” ಅವಳ ಕಣ್ಣು ತುಂಬಿತ್ತು. ನಾನು ಆಯಿತು ಎಂದೆ.

ಮಾರನೆಯ ದಿನ ಬೀಗರ ಸಾಲಿನ ಎದುರು ಕೂತು ಉಂಡೆ. ಸಾರು ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ. ಪಾಯಸ ಎರಡನೇ ಸಲ ಬರುವ ಹೊತ್ತಿಗೆ, ತಂಗಿಯ ಗಂಡ, ನನ್ನ ಭಾವ, ಅಡುಗೆಯವರಿಗೆ ಮರ್ಯಾದೆ ಮಾಡಲು ಶಾಲು, ತೆಂಗಿನಕಾಯಿ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತು ಜೋರಾಗಿ ಕರೆದ: “ಅಡುಗೆಭಟ್ರೆ, ಹೊರಗೆ ಬನ್ನಿ! ಎಲ್ಲ ನೋಡ್ಲಿ.”

ನಾನು ಎದ್ದು ನಿಂತೆ.

ಪಂಕ್ತಿ ಮುಗಿಯುವ ಮೊದಲು ಎಲೆ ಬಿಟ್ಟು ಏಳುವುದು ನಮ್ಮಲ್ಲಿ ಎಲ್ಲರಿಗೂ ಮಾಡುವ ಅಪಮಾನ. ಉಣ್ಣುತ್ತಿದ್ದ ಕೈಗಳೆಲ್ಲ ನಿಂತವು. ಒಳಗಿನಿಂದ ಯಲ್ಲಾಪುರದವರು ಬೆವರು ಒರೆಸಿಕೊಳ್ಳುತ್ತಾ ಬಂದರು. ಭಾವ ಅವರನ್ನೂ ನನ್ನನ್ನೂ ನೋಡಿ ತಲೆ ತಗ್ಗಿಸಿದ.

“ಎಂತ ಬೇಕಾಗಿತ್ತು?” ಎಂದು ಬಡಿಸುವವನೊಬ್ಬ ಮೆಲ್ಲಗೆ ಕೇಳಿದ.

“ಮಜ್ಜಿಗೆ” ಎಂದು ಕೂತೆ.