ಜನರೇಟರ್ ಪಕ್ಕದ ನಾಲ್ಕು ಕುರ್ಚಿ

ಕಳೆದ ವಾರ ನಾನು ಒಂದು ತಾಂತ್ರಿಕ ತಜ್ಞರ ಸಮಿತಿಯ ಸದಸ್ಯನಾಗಿದ್ದೆ. ಅರ್ಧ ಗಂಟೆ ಮಟ್ಟಿಗೆ. (ನಗಬೇಡಿ. ಫ್ಯೂಸು ಹಾಕಲು ಬಾರದವರು ಇದಕ್ಕಿಂತ ದೊಡ್ಡ ಸಮಿತಿಗಳಲ್ಲಿದ್ದಾರೆ.)

ಆದದ್ದು ಇಷ್ಟು. ನಮ್ಮ ಕರಜಗಿಯ ಕೆಲವು ಹುಡುಗರು ದೂರದ ಒಂದು ಅಣು ವಿದ್ಯುತ್ ಸ್ಥಾವರದಲ್ಲಿ ಕಂತ್ರಾಟು ಕೆಲಸಕ್ಕಿದ್ದರು. ಅಲ್ಲಿ ಪೈಪು ಒಡೆದು ಅಪಘಾತವಾಯಿತು. ಸ್ಥಾವರ ನಿಂತಿತು, ಹುಡುಗರು ಊರಿಗೆ ಬಂದರು. ಈಗ ಮತ್ತೆ ಚಾಲೂ ಮಾಡುತ್ತಾರಂತೆ. ಹುಡುಗರು ಹೋಗಲೊಲ್ಲರು. ನಮ್ಮ ನೀಲವ್ವ ಕಾಕಿಯ ಮಗ, ವೆಲ್ಡರ್ ಮಲ್ಲಣ್ಣನೂ ಅವರಲ್ಲೊಬ್ಬ. ಇವರ ಅಂಜಿಕೆ ಬಿಡಿಸಲು ಬೆಂಗಳೂರಿನಿಂದ ಸ್ಥಾವರದ ಒಬ್ಬ ಸಾಹೇಬರು ಬಂದರು.

ಸಂಜೆ ಶಾಲೆಯ ಅಂಗಳದಲ್ಲಿ ಸಭೆ. ಕರೆಂಟು ಇರಲಿಲ್ಲ. (ವಿದ್ಯುತ್ತಿನ ಬಗ್ಗೆ ಭಾಷಣವಿರುವ ದಿನ ಅದು ಎಲ್ಲಿಂದ ಇರಬೇಕು?) ಬಾಡಿಗೆ ಜನರೇಟರ್ ತರಿಸಿದ್ದರು. ಸಾಹೇಬರು ಮೈಕ್ ಹಿಡಿದರು.

"ಹೆದರಬೇಡಿ. ತಜ್ಞರ ಸಮಿತಿ ಎಲ್ಲ ಪರೀಕ್ಷೆ ಮಾಡಿದೆ. ಅಪಾಯ ಸೊನ್ನೆ."

ಅಷ್ಟರಲ್ಲಿ ಢಮ್!

ಜನರೇಟರ್ ಕರಿ ಹೊಗೆ ಉಗುಳಿ ನಿಂತಿತು. ಎಲ್ಲರಿಗಿಂತ ಮೊದಲು ಜಿಗಿದು ಬೇವಿನ ಗಿಡದ ಹಿಂದೆ ಸೇರಿದವರು ಯಾರು? ಸಾಹೇಬರು.

ಜನರೇಟರ್ ನಡೆಸುವ ಖಾಜಾಸಾಬ್ ಏನನ್ನೋ ಬಿಗಿದು, "ಚಾಲೂ ಮಾಡ್ಲೇನ್ರಿ?" ಎಂದ.

"ತಡೀರಿ! ಯಾರು ಚೆಕ್ ಮಾಡಿದ್ದು?" ಗಿಡದ ಹಿಂದಿನಿಂದ ಸಾಹೇಬರು ಕೂಗಿದರು.

ನಿಂತಲ್ಲೇ ಸಮಿತಿ ರಚನೆಯಾಯಿತು. ಹೆಡ್‌ಮಾಸ್ತರು, ದನದ ಡಾಕ್ಟರು, ನಾನು. ಹೆಡ್‌ಮಾಸ್ತರು ದೂರದಿಂದಲೇ ನೋಡಿದರು. ಡಾಕ್ಟರು ಜನರೇಟರ್‌ಗೆ ಸ್ಟೆತೊಸ್ಕೋಪ್ ಇಟ್ಟು, "ಏನೂ ಸಪ್ಪಳ ಇಲ್ರಿ" ಎಂದರು. ನಿಂತ ಮಷೀನಿನಲ್ಲಿ ಎಂಥ ಸಪ್ಪಳ? ನಾನು ಗಂಭೀರವಾಗಿ ತಲೆ ಆಡಿಸಿದೆ. ಭಯವಿಲ್ಲ ಎಂದು ಒಮ್ಮತದಿಂದ ತೀರ್ಮಾನಿಸಿ, ಮೂವರೂ ಗೇಟಿನ ಕಡೆ ಹೊರಟೆವು.

"ಎಲ್ಲಿ ಹೊಂಟೀರಿ?" ನೀಲವ್ವ ಕಾಕಿ ಅಡ್ಡ ನಿಂತಳು. "ಏನೂ ಆಗಂಗಿಲ್ಲ ಅಂದವ್ರು ಬಾಜೂಕ ಕುಂದರ್ರಿ. ಸಾಹೇಬ್ರೂ ಬರ್ಲಿ. ಆಮ್ಯಾಲ ಹ್ಯಾಂಡಲ್ ತಿರುವಲಿ."

"ಹೌದ್ರಿ, ಹೌದ್ರಿ!" ಎಂದಿತು ಊರು.

ಜನರೇಟರ್ ಪಕ್ಕ ನಾಲ್ಕು ಕುರ್ಚಿ ಬಂದವು. ಕುಳಿತೆವು. ಡಾಕ್ಟರು ಕಣ್ಣು ಮುಚ್ಚಿ "ಬಸವಾ, ಬಸವಾ" ಎನ್ನತೊಡಗಿದರು. ಸಾಹೇಬರು ನನ್ನ ಕೈ ಹಿಡಿದರು. ಅವರ ಅಂಗೈ ತಣ್ಣಗಿತ್ತು. (ನನ್ನದೇನು ಬೆಚ್ಚಗಿತ್ತೇ?) ಖಾಜಾಸಾಬ್ ಹ್ಯಾಂಡಲ್ ತಿರುವಿದ. ಗುಡುಗುಡು ಎಂದು ಚಾಲೂ ಆಯಿತು, ಲೈಟು ಬಂತು. ನಾಲ್ವರ ಮುಖಕ್ಕೂ ಮಸಿ. ಆದರೂ ಬದುಕಿದ್ದೆವು!

ಸಾಹೇಬರಿಗೆ ಜೀವ ಬಂತು. "ನೋಡಿದಿರಾ? ಏನಾದರೂ ಆಯಿತೇ?"

ಊರು ನಕ್ಕಿತು. ಕಾಕಿ ನಗಲಿಲ್ಲ. "ಇದು ಒಂದು ಗಳಿಗಿ ಮಾತು, ಸಾಹೇಬ್ರ. ನನ್ನ ಮಗ ದಿನಾ ಆ ಸ್ಥಾವರದ ಒಳಗ ಹೋಗಬೇಕು. ನಂಗ ಇರಾಂವ ಅವನೊಬ್ಬನೇ. ನೀವಾದ್ರ ನಿಮ್ಮ ಮಗನ್ನ ಕಳಸ್ತಿದ್ರೇನ್ರಿ?"

ಸಾಹೇಬರು ಕರವಸ್ತ್ರ ತೆಗೆದು ಮುಖ ಒರೆಸಿಕೊಂಡರು.

"ನನ್ನ ಮಗ ಬಿ.ಕಾಂ. ಮಾಡ್ತಿದಾನಮ್ಮಾ."

ಮೊನ್ನೆ ಮಲ್ಲಣ್ಣ ಟ್ರಂಕು ಹಿಡಿದು ಬಸ್ ಹತ್ತಿದ. "ಏನ್ ಮಾಡ್ಲಿ ಅಣ್ಣಾ, ಈ ಊರಾಗ ದಿನಾ ವೆಲ್ಡಿಂಗ್ ಕೆಲಸ ಯಾರು ಕೊಡ್ತಾರ?" ಎಂದ. ಬಸ್ಸು ಕಣ್ಮರೆಯಾದ ಮೇಲೂ ಕಾಕಿ ಅಲ್ಲೇ ನಿಂತಿದ್ದಳು.

ಬಿ.ಕಾಂ. ಓದಿದರೆ ಅಣುವಿನಿಂದ ಇಷ್ಟು ದೊಡ್ಡ ರಕ್ಷಣೆಯಿದೆ ಎಂದು ನಮ್ಮ ಹುಡುಗರಿಗೆ ಯಾರಾದರೂ ಮೊದಲೇ ಹೇಳಬಾರದಿತ್ತೇ?